ಉಳಿಸಿಕೊಂಡವರ ಪಟ್ಟಿಯಲ್ಲಿದ್ದ ಅಜ್ಜ

ಪಕ್ಕದ ಮನೆಯ ಅಜ್ಜನ ಎರಡೂ ಮೊಣಕಾಲಿನ ಕೆಳಗಿನ ಮೂಳೆ, ಕೈಜಾರಿ ಬಿದ್ದೂ ಬಿದ್ದೂ ತಗ್ಗುಬಿದ್ದ ಅಲ್ಯೂಮಿನಿಯಂ ಚೊಂಬಿನಂತೆ ಇತ್ತು. ಅಮೆರಿಕದ ವಾಲ್ನಟ್ ಕ್ರೀಕ್ ಎಂಬ ನಮ್ಮೂರಿನ ಬೇಸಿಗೆಯಲ್ಲಿ ಅವರು ಚಡ್ಡಿ ಹಾಕಿಕೊಂಡು ಹುಲ್ಲಿಗೆ ನೀರು ಬಿಡುತ್ತಾ ನಿಂತರೆ, ನನ್ನ ಐದು ವರ್ಷದ ಮಗಳು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಆ ತಗ್ಗುಗಳಲ್ಲಿ ಬೆರಳಿಟ್ಟು ನೋಡುತ್ತಿದ್ದಳು. ಯಾವ ತಗ್ಗು ಯಾವ ಊರಿನ ಮೈದಾನದಲ್ಲಿ ಬಿದ್ದದ್ದು, ಒದ್ದವನು ಯಾರು ಎಂದು ಅವರು ಒಂದೊಂದನ್ನೂ ತೋರಿಸಿ ಹೇಳುತ್ತಿದ್ದರು. ಹಣೆಯ ಮೇಲೂ ಅಡ್ಡಗೆರೆಯೊಂದಿತ್ತು. ಆಗಿನ ಚರ್ಮದ ಚೆಂಡಿನ ಬಾಯನ್ನು ಬೂಟಿಗೆ ಹಾಕುವಂತೆ ಲೇಸು ಹಾಕಿ ಬಿಗಿಯುತ್ತಿದ್ದರಂತೆ. ಮಳೆಯಲ್ಲಿ ನೆನೆದು ಕಲ್ಲಿನಷ್ಟು ಭಾರವಾದ ಚೆಂಡನ್ನು ತಲೆಯಿಂದ ಹೊಡೆದಾಗ ಆ ಲೇಸು ಹಣೆಯನ್ನು ಸೀಳಿತ್ತು.

ಮಗಳು ಅವರನ್ನು ಅಜ್ಜ ಎಂದು ಕರೆಯಲು ಶುರುಮಾಡಿದ್ದರಿಂದ ನಮಗೂ ಅವರು ಅಜ್ಜನೇ ಆದರು. ಎಂಬತ್ತರ ಹತ್ತಿರದ ವಯಸ್ಸು. ಎರಡು ಮಹಾಯುದ್ಧಗಳ ನಡುವೆ ಹನ್ನೊಂದು ವರ್ಷ ಇಂಗ್ಲೆಂಡಿನ ಒಂದೇ ಕ್ಲಬ್ಬಿಗೆ ಸಂಬಳದ ಮೇಲೆ ಫುಟ್‌ಬಾಲ್ ಆಡಿದವರು. ಹೆಂಡತಿ ತೀರಿಕೊಂಡ ಮೇಲೆ ತಮ್ಮ ಮಗಳ ಹತ್ತಿರವಿರಲೆಂದು ಇಲ್ಲಿಗೆ ಬಂದು, ಆಕೆಯ ಮನೆಯಿಂದ ಎರಡು ಬೀದಿ ಆಚೆ ಒಬ್ಬರೇ ಇದ್ದರು. ನಮ್ಮ ಬೀದಿಯಲ್ಲಿ ಅವರು ಫುಟ್‌ಬಾಲ್ ಆಡಿದವರೆಂದು ಗೊತ್ತಿದ್ದವರಿಗೆ ಅದರ ಬೆಲೆ ಗೊತ್ತಿರಲಿಲ್ಲ. ಇಲ್ಲಿಯವರಿಗೆ ಫುಟ್‌ಬಾಲ್ ಎಂದರೆ ಹೆಲ್ಮೆಟ್ಟು ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ನಾನು ಬೆಳೆದದ್ದು ಬೆಂಗಳೂರಿನ ಆಸ್ಟಿನ್ ಟೌನ್ ಪಕ್ಕದಲ್ಲಿ, ಬರಿಗಾಲಲ್ಲಿ ಚೆಂಡು ಒದೆಯುವ ಹುಡುಗರ ನಡುವೆ. ಆದ್ದರಿಂದ ಅವರು ಮಧ್ಯದ ಸಾಲಿನಲ್ಲಿ ಎಡಗಡೆಯ ಹಾಫ್ ಬ್ಯಾಕ್ ಆಗಿದ್ದೆ ಎಂದಾಗ ನಾನು ಕುರ್ಚಿ ಎಳೆದುಕೊಂಡು ಕೂತೆ. ಅಂದಿನಿಂದ ದಿನಾ ನಾಲ್ಕು ಗಂಟೆಗೆ ಅವರ ಟೀ ನಮ್ಮ ಮನೆಯಲ್ಲೇ ಆಯಿತು. ಅಮೆರಿಕದವರಿಗೆ ಟೀ ಮಾಡಲು ಬರುವುದಿಲ್ಲ ಎನ್ನುವುದರಲ್ಲಿ ನನ್ನ ಹೆಂಡತಿಗೂ ಅವರಿಗೂ ಒಂದೇ ಅಭಿಪ್ರಾಯವಿತ್ತು.

ನಾನು ಅಭ್ಯಾಸಬಲದಿಂದ ಅವರನ್ನು ಸರ್ ಎಂದೆ. ಅವರು ಕಪ್ಪನ್ನು ಕೆಳಗಿಟ್ಟರು.

“ನನ್ನನ್ನ ಹಾಗೆ ಕರೀಬೇಡ. ನಾನು ಆ ಮಾತನ್ನ ಹನ್ನೊಂದು ವರ್ಷ ಹೇಳಿದ್ದೀನಿ. ಯಾರಿಗೆ ಹೇಳಿದೆ ಅಂತ ನೆನೆಸಿಕೊಂಡರೆ ಇವತ್ತಿಗೂ ಬಾಯಿ ತೊಳ್ಕೊಳ್ಳೋಣ ಅನಿಸುತ್ತೆ.”

ಹೇಳಿದ್ದು ಕ್ಲಬ್ಬಿನ ಛೇರ್ಮನ್ನನಿಗೆ. ಆತ ತೊಗಲಿನ ವ್ಯಾಪಾರಿ, ಊರಿನ ದೊಡ್ಡ ಮನುಷ್ಯ. ಈ ಕಥೆಯನ್ನು ಅವರು ನನಗೆ ತುಂಡುತುಂಡಾಗಿ ಹೇಳಿದರು. ನಾನು ಅದನ್ನು ಜೋಡಿಸಿ ಹೇಳುತ್ತೇನೆ, ಏಕೆಂದರೆ ಹೇಳದೆ ಬಿಟ್ಟರೆ ನನ್ನ ಸಿಟ್ಟು ಆರುವುದಿಲ್ಲ.

ಉತ್ತರ ಇಂಗ್ಲೆಂಡಿನ ಗಣಿಯ ಊರೊಂದರಿಂದ ಬಂದ ಅಜ್ಜ ಹದಿನೆಂಟಕ್ಕೆ ಕ್ಲಬ್ಬಿನ ಕಾಗದಕ್ಕೆ ಸಹಿ ಹಾಕಿದರು. ಹೊಸ ಬೂಟು ಕಾಲಿಗೆ ಒಗ್ಗಲೆಂದು ಅದನ್ನು ಹಾಕಿಕೊಂಡೇ ಬಿಸಿನೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದ ಕಾಲ ಅದು. ಏಳೆಂಟು ವರ್ಷ ಚೆನ್ನಾಗಿ ಆಡಿದರು. ಇಪ್ಪತ್ತಾರರಲ್ಲಿ, ಕಾಲು ಮತ್ತು ಬುದ್ಧಿ ಎರಡೂ ಒಟ್ಟಿಗೆ ಕೆಲಸ ಮಾಡುವ ವಯಸ್ಸಿನಲ್ಲಿ, ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಮೊದಲ ಡಿವಿಜನ್ನಿನ ದೊಡ್ಡ ಕ್ಲಬ್ಬೊಂದು ಇವರನ್ನು ತನಗೆ ಕೊಡಿ ಎಂದು ಕೇಳಿತು. ಇವರ ಕ್ಲಬ್ಬು ಕಳಿಸುವುದಿಲ್ಲ ಎಂದಿತು. ಅದನ್ನೂ ಇವರಿಗೆ ಹೇಳಲಿಲ್ಲ, ಕ್ಲಬ್ಬಿನ ಬಟ್ಟೆ ಒಗೆಯುವ ಹೆಂಗಸಿನ ಬಾಯಿಂದ ಗೊತ್ತಾಯಿತು. ಹೋಗಿ ಕೇಳಿದರೆ ಛೇರ್ಮನ್ ಮೊದಲು ಟೋಪಿ ತೆಗೆ ಎಂದ. ತೆಗೆದ ಮೇಲೆ, “ನಿನ್ನನ್ನ ಮನುಷ್ಯನನ್ನಾಗಿ ಮಾಡಿದ್ದು ನಾವು” ಎಂದ.

ಅಜ್ಜ ಮುಂದಿನ ವರ್ಷದ ಕಾಗದಕ್ಕೆ ಸಹಿ ಹಾಕಲಿಲ್ಲ. ಹಾಕದಿದ್ದರೆ ಬಿಡುಗಡೆ ಎಂದು ನೀವು ತಿಳಿದಿರಬಹುದು, ನಾನೂ ಹಾಗೇ ತಿಳಿದಿದ್ದೆ. ಆಗಿನ ಪದ್ಧತಿಯೇ ಬೇರೆ. ಪ್ರತಿ ಮೇ ತಿಂಗಳು ಕ್ಲಬ್ಬು ಒಂದು ಪಟ್ಟಿ ಹಾಕುತ್ತಿತ್ತು. ಅದರಲ್ಲಿ ‘ಉಳಿಸಿಕೊಂಡವರು’ ಎಂಬ ತಲೆಬರಹದ ಕೆಳಗೆ ನಿಮ್ಮ ಹೆಸರು ಬಿದ್ದರೆ ನೀವು ಅವರ ಸೊತ್ತು. ಸಹಿ ಹಾಕದಿದ್ದರೆ ಸಂಬಳವಿಲ್ಲ, ಆಟವಿಲ್ಲ, ಲೀಗಿನ ಬೇರೆ ಯಾವ ಕ್ಲಬ್ಬೂ ನಿಮ್ಮನ್ನು ಮುಟ್ಟುವಂತಿಲ್ಲ. ಎಷ್ಟು ವರ್ಷ ಬೇಕಾದರೂ ಹಾಗೇ ಇಡಬಹುದಿತ್ತು. ಇದಕ್ಕೆ ಅವರು ಉಳಿಸಿಕೊಳ್ಳುವುದು ಎಂದು ಹೆಸರಿಟ್ಟಿದ್ದರು. ಮರ್ಯಾದಸ್ಥರು ಮಾಡಿದ ನಿಯಮ, ಮರ್ಯಾದಸ್ಥರೇ ನಡೆಸಿಕೊಂಡು ಬಂದರು, ಶನಿವಾರ ಮಧ್ಯಾಹ್ನ ಸಾವಿರಾರು ಜನ ನೋಡಿ ಚಪ್ಪಾಳೆ ತಟ್ಟಿ ಮನೆಗೆ ಹೋದರು.

ಎರಡು ವರ್ಷ ಅಜ್ಜ ಅದೇ ಊರಿನ ಇಟ್ಟಿಗೆ ಗೂಡಿನಲ್ಲಿ ಇಟ್ಟಿಗೆ ಹೊತ್ತರು. ಗೂಡಿನ ಹಿಂಭಾಗಕ್ಕೆ ಮೈದಾನ. ಶನಿವಾರ ಮೂರು ಗಂಟೆಗೆ ಆಟ ಶುರುವಾದರೆ ಜನರ ಕೂಗು ಗೋಡೆ ದಾಟಿ ಬರುತ್ತಿತ್ತು. ಕೂಗಿನಿಂದಲೇ ಗೋಲು ಯಾರದ್ದೆಂದು ತಿಳಿಯುತ್ತಿತ್ತಂತೆ. ವಾಲ್ನಟ್ ಕ್ರೀಕಿನಲ್ಲೂ ಶನಿವಾರ ಮೂರು ಗಂಟೆಗೆ ಅವರು ಕೂತಲ್ಲಿ ಕೂರುತ್ತಿರಲಿಲ್ಲ, ಎದ್ದು ಹಿತ್ತಲಿನಲ್ಲಿ ಸುತ್ತು ಹಾಕುತ್ತಿದ್ದರು. ಮೂರನೆಯ ಮೇ ತಿಂಗಳಲ್ಲಿ ಅವರು ಹೋಗಿ ಸಹಿ ಹಾಕಿದರು. ಛೇರ್ಮನ್ ಅವರನ್ನು ಕಾರಿಡಾರಿನಲ್ಲಿ ಟೋಪಿ ಕೈಯಲ್ಲಿ ಹಿಡಿಸಿ ಒಂದೂವರೆ ಗಂಟೆ ನಿಲ್ಲಿಸಿದ. ಆಮೇಲೆ ಮೂರು ವರ್ಷ ಆಡಿದರು, ಮೊಣಕಾಲು ಹೋಯಿತು, ಆ ವರ್ಷದ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಟೈಪು ಮಾಡಿದ ನಾಲ್ಕು ಸಾಲಿನ ಪತ್ರ ಬಂತು.

ಈಗ ನನ್ನ ವಿಷಯ. ಕಟ್ಟಡಗಳು ಎಷ್ಟು ಭಾರ ತಡೆಯುತ್ತವೆಂದು ಲೆಕ್ಕ ಹಾಕುವ ಎಂಜಿನಿಯರಿಂಗ್ ಆಫೀಸೊಂದು ನನ್ನನ್ನು ಅಮೆರಿಕಕ್ಕೆ ಕರೆಸಿಕೊಂಡಿತ್ತು. ಇಲ್ಲೇ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನ ಫೈಲು ಹಾಕಿದ್ದು ಅವರೇ, ಫೈಲು ಇದ್ದದ್ದೂ ಅವರ ಹತ್ತಿರವೇ. ಮೂರು ವರ್ಷವಾದರೂ ಅದು ಮುಂದೆ ಹೋಗಿರಲಿಲ್ಲ. ನಡುವೆ ಮೆನ್ಲೋ ಪಾರ್ಕ್ ಎಂಬ ಊರಿನಲ್ಲಿದ್ದ ಗೆಳೆಯನೊಬ್ಬ ತನ್ನ ಕಂಪನಿಗೆ ಬಾ ಎಂದ. ಬಾಸಿಗೆ ಹೇಳಿದೆ. ಬಾಸು ನಗುನಗುತ್ತಲೇ, “ಧಾರಾಳವಾಗಿ ಹೋಗು, ಆದರೆ ನೀನು ಹೋದ ದಿನ ಫೈಲು ಮುಚ್ಚುತ್ತೇವೆ” ಎಂದ. ಗೆಳೆಯನಿಗೆ ಆಗುವುದಿಲ್ಲ ಎಂದು ಹೇಳಿಬಿಟ್ಟೆ.

ಟೀ ಕುಡಿಯುವಾಗ ಇದನ್ನು ಅಜ್ಜನಿಗೆ ಹೇಳಿದ್ದು ನಾನೇ, ಅದೂ ಬಾಸಿನ ಒಳ್ಳೆಯತನದ ಉದಾಹರಣೆಯಾಗಿ. ನೋಡಿ, ಬೈಯಲಿಲ್ಲ, ನಗುತ್ತಲೇ ಹೇಳಿದರು ಅಂತ.

“ಹಾಗಾದರೆ ನೀನು ಪಟ್ಟಿಯಲ್ಲಿದ್ದೀಯ,” ಅಂದರು ಅಜ್ಜ.

“ಛೇ, ಹಾಗಲ್ಲ. ಅವರು ನಮಗೆ ಅನ್ನ ಕೊಟ್ಟವರು.”

“ನೀನು ಕೆಲಸ ಮಾಡಲಿಲ್ಲವಾ?”

ನಾನು ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದೆ.

ಆಮೇಲೆ ನಾನು ಮಾಡಿದ್ದನ್ನು ನಮ್ಮವರಲ್ಲದೆ ಇನ್ನಾರೂ ಮಾಡಲಾರರು. ಬಾಸು ಮತ್ತು ಆತನ ಹೆಂಡತಿಯನ್ನು ಭಾನುವಾರ ಊಟಕ್ಕೆ ಕರೆದೆ. ಊಟ ಹಾಕಿ ಸತ್ಕಾರ ಮಾಡಿದರೆ ಫೈಲು ಮುಂದೆ ಸರಿದೀತು ಎಂಬ ಆಸೆ. ಹೆಂಡತಿ ಎರಡು ದಿನ ನಿಂತು ಹೋಳಿಗೆ, ಕೋಸಂಬರಿ, ಬಿಸಿಬೇಳೆಬಾತು ಮಾಡಿದಳು. ನೆರೆಮನೆಯವರೆಂದು ಅಜ್ಜನನ್ನೂ ಕರೆದಿದ್ದೆವು. ಊಟದ ನಡುವೆ ನಾನು ಎದ್ದು, ಊರಿಂದ ತರಿಸಿದ್ದ ಮೈಸೂರು ಗಂಧದ ಹಾರವನ್ನು ಬಾಸಿನ ಕೊರಳಿಗೆ ಹಾಕಿ, ಜರಿಶಾಲು ಹೊದಿಸಿ, ಕೈಮುಗಿದೆ. ಕನ್ನಡ ಸಂಘದಲ್ಲಿ ಮುಖ್ಯ ಅತಿಥಿಗೆ ಮಾಡುತ್ತೇವಲ್ಲ, ಹಾಗೆ. ಬಾಸಿನ ಹೆಂಡತಿ ಫೋಟೋ ತೆಗೆದಳು. ಆ ಫೋಟೋ ನನ್ನ ಹತ್ತಿರವೂ ಇದೆ, ನೋಡಿದರೆ ಮೈಯೆಲ್ಲ ಉರಿಯುತ್ತದೆ.

ಮೇಜಿನ ತುದಿಯಲ್ಲಿದ್ದ ಅಜ್ಜ ಚಮಚ ಕೆಳಗಿಟ್ಟು ಬಾಸಿನ ಕಡೆ ತಿರುಗಿದರು. “ಈ ಮನುಷ್ಯನ ಕಾಗದ ನಿಮ್ಮ ಹತ್ತಿರ ಇದೆಯಂತೆ. ಯಾವಾಗ ಬಿಡ್ತೀರಿ?”

“ಎಲ್ಲದಕ್ಕೂ ಒಂದು ಸಮಯ ಇರುತ್ತೆ,” ಎಂದು ಬಾಸು ನಕ್ಕ.

“ನಮ್ಮ ಛೇರ್ಮನ್ನೂ ಹೀಗೇ ಹೇಳ್ತಿದ್ದ. ಆತನಿಗೂ ಒಳ್ಳೆಯ ನಗು ಇತ್ತು.”

ಅಜ್ಜ ನನ್ನ ಹೆಂಡತಿಗೆ ಊಟ ಚೆನ್ನಾಗಿತ್ತಮ್ಮ ಎಂದು ಹೇಳಿ, ಹೋಳಿಗೆ ಮುಟ್ಟದೆ ಎದ್ದುಹೋದರು.

ಸಂಜೆ ನಾನು ಅವರ ಮನೆಗೆ ಹೋಗಿ ಬಾಯಿಗೆ ಬಂದಂತೆ ಮಾತಾಡಿದೆ. ನನ್ನ ಸಂಸಾರದ ವಿಷಯದಲ್ಲಿ ತಲೆಹಾಕಲು ನೀವು ಯಾರು, ನಿಮ್ಮ ಕಾಲದ ಸಿಟ್ಟನ್ನು ನನ್ನ ಮನೆಯಲ್ಲಿ ಯಾಕೆ ತೀರಿಸಿಕೊಂಡಿರಿ ಎಂದೆಲ್ಲ ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ನಾನು ಕಾರಿಡಾರಿನಲ್ಲಿ ಟೋಪಿ ಹಿಡಿದು ನಿಂತಿದ್ದೆ, ನಿಜ,” ಅಂದರು. “ಆದರೆ ಆತನಿಗೆ ಹಾರ ಹಾಕಲಿಲ್ಲ.”

ಮನೆಗೆ ಬಂದು ಬುಸುಗುಟ್ಟುತ್ತಿದ್ದ ನನಗೆ ಹೆಂಡತಿ ಪಾತ್ರೆ ತೊಳೆಯುತ್ತಲೇ, “ಅವ್ರು ಹೇಳಿದ್ರಲ್ಲಿ ತಪ್ಪೇನಿದೆ ರೀ?” ಎಂದಳು. ಅವಳ ಮೇಲೂ ರೇಗಿದೆ. ನಾಲ್ಕು ತಿಂಗಳು ಅಜ್ಜನ ಜೊತೆ ಮಾತು ಬಿಟ್ಟೆ. ಹೆಂಡತಿ ಮಾತ್ರ ನಾಲ್ಕು ಗಂಟೆಗೆ ಟೀಯನ್ನು ತಾನೇ ಅವರ ಮನೆಗೆ ಕೊಂಡುಹೋಗಿ ಕೊಟ್ಟು ಬರುತ್ತಿದ್ದಳು. ನಾನು ಕಂಡೂ ಕಾಣದವನಂತೆ ಇರುತ್ತಿದ್ದೆ.

ಆಮೇಲೊಂದು ಶುಕ್ರವಾರ ಆಫೀಸಿಗೆ ಬರಬೇಕಿದ್ದ ಕೆಲಸಗಳು ಬರಲಿಲ್ಲವೆಂದು ಐದು ಜನರನ್ನು ತೆಗೆದರು. ಅದರಲ್ಲಿ ನಾನೂ ಒಬ್ಬ. ಬಾಸು ಆಗಲೂ ನಗುತ್ತಲೇ ಕೈಕುಲುಕಿದ. ನನ್ನ ಫೈಲು ಏನಾಯಿತು ಎಂದೆ. ಕೆಲಸವೇ ಇಲ್ಲದ ಮೇಲೆ ಫೈಲೆಲ್ಲಿ ಎಂದ. ನಾನು ಬೇಕಾದಾಗ ಬಿಡಲಿಲ್ಲ, ಬೇಡವಾದಾಗ ಒಂದು ಗಂಟೆಯೂ ಇಟ್ಟುಕೊಳ್ಳಲಿಲ್ಲ. ಹೊಸ ಕೆಲಸ ಬೇಗ ಸಿಗದಿದ್ದರೆ ಸಂಸಾರ ಸಮೇತ ಗಂಟುಮೂಟೆ ಕಟ್ಟಬೇಕಿತ್ತು.

ನನ್ನ ಹೆಂಡತಿಯಿಂದ ಸುದ್ದಿ ತಿಳಿದು ಮರುದಿನ ಬೆಳಿಗ್ಗೆ ಅಜ್ಜ ಬಂದರು. ನಾನು ಹೇಳಿರಲಿಲ್ಲವಾ ಎಂಬ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತು, “ಆ ಗೆಳೆಯನಿಗೆ ಫೋನು ಮಾಡು” ಎಂದರು.

“ಒಂದು ಸಲ ಬೇಡ ಅಂದವನು ಈಗ ಯಾವ ಮುಖ ಇಟ್ಟುಕೊಂಡು ಕೇಳಲಿ?”

“ಇರೋ ಮುಖಾನೇ ಸಾಕು. ನೀನು ಮಾಡೋವರೆಗೂ ನಾನು ಏಳಲ್ಲ.”

ನಿಜವಾಗಿಯೂ ಏಳಲಿಲ್ಲ. ಹನ್ನೊಂದೂವರೆಗೆ ನಾನು ಫೋನು ಮಾಡಿದೆ. ಗೆಳೆಯ ಒಳ್ಳೆಯವನು, ಹದಿನೈದು ದಿನದಲ್ಲಿ ಕೆಲಸ ಕೊಡಿಸಿದ. ಅಲ್ಲಿಂದ ಬಂದ ಕಾಗದಗಳನ್ನು ಅಜ್ಜ ಅಡುಗೆಮನೆಯ ಮೇಜಿನ ಮೇಲೆ ಹರಡಿಸಿ, ಸಹಿ ಹಾಕುವ ಮೊದಲು ನನ್ನಿಂದ ಪ್ರತಿ ಸಾಲನ್ನೂ ಜೋರಾಗಿ ಎರಡೆರಡು ಸಲ ಓದಿಸಿದರು. ಕೆಲಸ ಬಿಟ್ಟುಹೋಗುವ ವಿಷಯ ಬರೆದಿದ್ದ ಪುಟವನ್ನು ಮೂರು ಸಲ ಓದಿಸಿದರು. “ನಾನು ಹದಿನೆಂಟರಲ್ಲಿ ಓದಲಿಲ್ಲ,” ಅಂದರು. “ಓದಿದ್ದರೂ ಏನೂ ಆಗ್ತಿರಲಿಲ್ಲ ಅನ್ನು, ಎಲ್ಲ ಕ್ಲಬ್ಬಿನದ್ದೂ ಒಂದೇ ಕಾಗದ.” ಆ ಪುಟವನ್ನು ಮತ್ತೊಮ್ಮೆ ನನ್ನ ಕಡೆ ಸರಿಸಿದರು. ಅರ್ಧ ಶತಮಾನ ಕಳೆದ ಮೇಲೂ ಒಬ್ಬ ಮನುಷ್ಯ ಕಾಗದವೊಂದಕ್ಕೆ ಹಾಗೆ ಹೆದರುವಂತೆ ಮಾಡಿದವರನ್ನು ನಾನು ಕ್ಷಮಿಸಲಾರೆ. ಊಟಕ್ಕೆ ಕೂರುವ ಮೊದಲು ಹಿಂದೆ ಆಡಿದ ಮಾತಿಗೆ ತಪ್ಪಾಯಿತು ಎಂದೆ. ಹೋಳಿಗೆ ಇದೆಯಾ ಎಂದು ನನ್ನ ಹೆಂಡತಿಯನ್ನು ಕೇಳಿದರು.

ಎರಡು ವರ್ಷ ಕಳೆದು, ನನ್ನ ಹೊಸ ಫೈಲು ಅರ್ಧ ದಾರಿಯಲ್ಲಿದ್ದಾಗ ಅವರು ತೀರಿಕೊಂಡರು. ಅಂತ್ಯಕ್ರಿಯೆಗೆ ಚರ್ಚಿನಲ್ಲಿ ಇಪ್ಪತ್ತು ಜನ ಸೇರಿದ್ದರು. ಅವರ ಮಗಳು ಸುದ್ದಿಯನ್ನು ಇಂಗ್ಲೆಂಡಿನ ಕ್ಲಬ್ಬಿಗೆ ತಿಳಿಸಿದ್ದರಂತೆ. ಅಲ್ಲಿಂದ ದಪ್ಪ ಕಾಗದದಲ್ಲಿ ಪತ್ರ ಬಂದಿತ್ತು, ಪಾದ್ರಿಗಳು ಅದನ್ನು ಓದಿದರು. ಹನ್ನೊಂದು ವರ್ಷ ಒಂದೇ ಕ್ಲಬ್ಬನ್ನು ಬಿಟ್ಟುಹೋಗದ ನಿಷ್ಠಾವಂತ ಸೇವಕ, ಇಂದಿನ ಆಟಗಾರರು ಇವರಿಂದ ಕಲಿಯಬೇಕು ಎಂದಿತ್ತು. ಮಗಳು ಹೆಮ್ಮೆಯಿಂದ ಕಣ್ಣೊರೆಸಿಕೊಂಡರು.

ಕಟ್ಟಿಹಾಕಿದವರೇ ಕಟ್ಟಿಸಿಕೊಂಡವನಿಗೆ ನಿಷ್ಠೆಯ ಸರ್ಟಿಫಿಕೇಟು ಕೊಡುತ್ತಿದ್ದರು. ಹೆಂಡತಿ ನನ್ನ ಮುಖ ನೋಡಿ, “ಹೇಳಿ, ಸುಮ್ನೆ ಕೂತಿರಬೇಡಿ” ಎಂದು ಪಿಸುಗುಟ್ಟಿದಳು. ನಾನು ಎದ್ದೆ. ಜೀವಮಾನದಲ್ಲಿ ಯಾವ ಸಭೆಯಲ್ಲೂ ಕರೆಯದೆ ಎದ್ದವನಲ್ಲ.

“ಕ್ಷಮಿಸಿ, ಇದು ಸುಳ್ಳು,” ಎಂದೆ. “ಇವರು ಹೋಗುತ್ತೇನೆ ಅಂದಿದ್ದರು. ಅವರು ಬಿಡಲಿಲ್ಲ.”

ಇಪ್ಪತ್ತು ತಲೆಗಳೂ ತಿರುಗಿದವು. ಪಟ್ಟಿಯ ವಿಷಯ, ಎರಡು ವರ್ಷದ ಇಟ್ಟಿಗೆ ಗೂಡು, ಗೋಡೆಯಾಚೆಯ ಕೂಗು, ಕಾರಿಡಾರು, ಎಲ್ಲವನ್ನೂ ಹೇಳಿದೆ. ಇಂಗ್ಲಿಷು ಅಲ್ಲಲ್ಲಿ ಎಡವುತ್ತಿತ್ತು. ಯಾರೂ ತಡೆಯಲಿಲ್ಲ. ಮುಗಿದ ಮೇಲೆ ಅಜ್ಜನ ಮಗಳು ಎದ್ದು ನಿಂತರು.

“ಅಪ್ಪ ಇಟ್ಟಿಗೆ ಹೊತ್ತಿದ್ದು ನನಗೆ ಗೊತ್ತೇ ಇರಲಿಲ್ಲ,” ಅಂದರು. “ಎರಡು ವರ್ಷ ಹಟ ಹಿಡಿದವರು ಕೊನೆಗೆ ಯಾಕೆ ಸಹಿ ಹಾಕಿದರು?”

ಕಾರಣ ನನಗೆ ಗೊತ್ತಿತ್ತು. ಆ ಮೇ ತಿಂಗಳಲ್ಲಿ ಅಜ್ಜನ ಹೆಂಡತಿ ಏಳು ತಿಂಗಳ ಬಸುರಿ. ಹೊಟ್ಟೆಯಲ್ಲಿದ್ದ ಮಗು ಈಗ ನನ್ನೆದುರು ನಿಂತು ಕೇಳುತ್ತಿತ್ತು. ಅಜ್ಜ ಅದನ್ನು ಮಗಳಿಗೆ ಎಂದೂ ಹೇಳಿರಲಿಲ್ಲ, ನನಗೆ ಹೇಳಿದ್ದೂ ಒಂದೇ ಸಲ. ಆಕೆಯ ತಲೆಯ ಮೇಲೆ ನಾನೇಕೆ ಅದನ್ನು ಹೊರಿಸಲಿ? ತಪ್ಪು ಮಾಡಿದವರ ಪತ್ರ ಪಾದ್ರಿಗಳ ಕೈಯಲ್ಲೇ ಇತ್ತು.

“ಕ್ಲಬ್ಬಿನವರು ಅನ್ನ ನಿಲ್ಲಿಸಿದ್ದರು,” ಎಂದೆ. “ಅದಕ್ಕೆ.”