ಹುಣಸೂರಿನ ಹಂಗೇರಿಯವಳು

ಮೊನ್ನೆ ಮಗಳ ಶಾಲೆಯ ಮೈದಾನದಲ್ಲಿ ಓಟದ ಗೆರೆ ಎಳೆಯಲು ಸುಣ್ಣದ ಪುಡಿ ಚೆಲ್ಲುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹುಣಸೂರಿನ ನಮ್ಮ ಎದುರುಮನೆ ಅಕ್ಕ ನೆನಪಾದಳು.

ತೊಂಬತ್ತರ ದಶಕದ ಕೊನೆ. ಕಾಲೇಜಿನಲ್ಲಿ ಅಕ್ಕ ನನಗಿಂತ ಒಂದು ವರ್ಷ ಮುಂದೆ. ಅವಳದು ಹರ್ಡಲ್ಸ್, ನನ್ನದು ಲಾಂಗ್ ಜಂಪ್. ಅವಳ ಕೋಣೆಯ ಗೋಡೆಯ ಮೇಲೆ ಹಂಗೇರಿಯ ಒಬ್ಬ ಹರ್ಡಲ್ಸ್ ಓಟಗಾರ್ತಿಯ ಚಿತ್ರವಿತ್ತು, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ್ದು. ಆಕೆಯ ಹೆಸರು ನಮ್ಮಿಬ್ಬರ ನಾಲಗೆಗೂ ಹೊರಳುತ್ತಿರಲಿಲ್ಲ. ಆದರೂ ಆಕೆ ಎಲ್ಲಿ ಓಡಿದಳು, ಎಲ್ಲಿ ಸೋತಳು ಎಂದು ಅಕ್ಕ ಲೈಬ್ರರಿಯ ಪೇಪರುಗಳಲ್ಲಿ ಹುಡುಕುತ್ತಿದ್ದಳು. ಪಿ.ಟಿ. ಮೇಷ್ಟ್ರು ಅವಳನ್ನು ‘ಹಂಗೇರಿಯವಳೇ’ ಎಂದೇ ಕರೆಯುತ್ತಿದ್ದರು.

ಜಿಲ್ಲಾ ಕೂಟದಲ್ಲಿ ಗೆದ್ದಾಗ ಅಕ್ಕನ ಫೋಟೋವೂ ಪೇಪರಿನಲ್ಲಿ ಬಂತು. ಚಡ್ಡಿ ತೊಟ್ಟು, ಕಾಲು ಚಾಚಿ ಹಾರುತ್ತಿದ್ದ ಫೋಟೋ. ಬೀದಿಗೆ ಬೀದಿಯೇ ಹಿಗ್ಗಿತು. ಆದರೆ ಹೆಗ್ಗಡದೇವನಕೋಟೆಯಲ್ಲಿ ಅವಳಿಗೆ ಗೊತ್ತುಮಾಡಿದ್ದ ಗಂಡಿನ ಮನೆಯವರು, ಹುಡುಗಿ ಇನ್ನು ಓಡಕೂಡದು ಎಂದು ಹೇಳಿಕಳಿಸಿದರು. ಅಪ್ಪನಿಲ್ಲದ ಅವಳನ್ನು ಸಾಕಿದ್ದು ಸೋದರಮಾವ. ಮಾತು ಕಡಿಮೆ, ಕೋಪ ಜಾಸ್ತಿ.

“ಓಡಿದ್ ಸಾಕು ಕಣವ್ವ. ಆ ಶೂ ಎತ್ತಿಡು” ಎಂದುಬಿಟ್ಟರು.

ರಾಜ್ಯ ತಂಡದ ಆಯ್ಕೆ ಆ ವಾರವೇ ಮೈಸೂರಿನಲ್ಲಿ. ಅಕ್ಕ ಮನೆಯಲ್ಲಿ ಹೇಳದೆ ನನ್ನ ಜೊತೆ ಬಸ್ಸು ಹತ್ತಿದಳು. ಬಿಳಿಕೆರೆಯಲ್ಲಿ ಬಸ್ಸು ನಿಂತಾಗ, ಹತ್ತುವವರ ಮುಖವನ್ನೆಲ್ಲ ನೋಡುತ್ತ ನನ್ನ ಕೈ ಹಿಚುಕಿದಳು.

“ಮಾವ ಬಂದ್‌ಬುಟ್ರೆ ಏನ್ಲೇ ಮಾಡೋದು?”

ನಾನು ಕಿಟಕಿಯ ಕಡೆ ಸರಿದು ಕೂತು ಅವಳನ್ನು ಮರೆಮಾಡಿದೆ.

ಅವಳ ಸರದಿ ಬಂದಾಗ ನಾನು ಕೊನೆಯ ಹರ್ಡಲ್ ಪಕ್ಕದಲ್ಲಿ ಹಗ್ಗ ಹಿಡಿದು ನಿಂತಿದ್ದೆ. ಪಿಸ್ತೂಲು ಸಿಡಿಯಿತು. ಎಲ್ಲರಿಗಿಂತ ಅಕ್ಕನೇ ಮುಂದೆ. ಅಷ್ಟರಲ್ಲಿ ಗುರಿಗೆರೆಯ ಆಚೆ, ಗುಂಪು ಸರಿಸಿಕೊಂಡು ಮಾವ ಬಂದು ನಿಂತರು. ಯಾರು ಹೇಳಿದ್ದರೋ... ಅಕ್ಕನ ಕಣ್ಣು ಹರ್ಡಲ್ ಬಿಟ್ಟು ಮೇಲೆದ್ದದ್ದನ್ನು ನಾನು ಕಂಡೆ. ಮರುಕ್ಷಣ ಮೊಣಕಾಲು ಬಡಿದು ಉರುಳಿಬಿದ್ದಳು.

ಎದ್ದಳು. ಕುಂಟುತ್ತಲೇ ಓಡಿ ಗೆರೆ ದಾಟಿದಳು, ನೇರ ಮಾವನ ಎದುರಿಗೆ. ಹೊಡೆದೇ ಬಿಡುತ್ತಾರೆ ಎಂದು ನಾನು ಓಡಿದೆ. ಅವರು ಹೆಗಲ ಟವಲು ತೆಗೆದು, ನೆಲದಲ್ಲಿ ಕೂತು, ರಕ್ತ ಸುರಿಯುತ್ತಿದ್ದ ಮೊಣಕಾಲಿಗೆ ಬಿಗಿದರು.

“ಬಿದ್ರೂವೆ ಬುಡ್ನಿಲ್ವಲ್ಲವ್ವ...” ಎಂದಷ್ಟೇ ಅಂದರು.

ಮಾರನೆಯ ದಿನ ಅವರೇ ಗಂಡಿನ ಮನೆಗೆ ಹೋಗಿ, “ನಮ್ಮುಡ್ಗಿ ಓಡ್ತಾಳೆ. ಒಪ್ಪೋದಾದ್ರೆ ಒಪ್ಕಳಿ” ಎಂದರಂತೆ. ಸಂಬಂಧ ಮುರಿಯಿತು. ಆದರೆ ಮೊಣಕಾಲು ಮತ್ತೆ ಮೊದಲಿನಂತಾಗಲಿಲ್ಲ. ಪಿರಿಯಾಪಟ್ಟಣದಲ್ಲಿ ಪಿ.ಟಿ. ಟೀಚರಾಗಿ ಸೇರಿದ ಅಕ್ಕ, ಮಾವನನ್ನೂ ಅಲ್ಲಿಗೇ ಕರೆಸಿಕೊಂಡಳು. ಎಷ್ಟೋ ಹುಡುಗಿಯರನ್ನು ಓಡಿಸಿದಳು, ತಾನು ಓಡಲಿಲ್ಲ.

ಹೋದ ವರ್ಷ ಕ್ಯಾನ್ಸರ್ ಅವಳನ್ನು ಒಯ್ದಿತು. ತಿಥಿಗೆ ಹೋದಾಗ, ಮುದುಕರಾಗಿದ್ದ ಮಾವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಅವತ್ತು ನೀನು ಅತ್ರದಲ್ಲೇ ಇದ್ದೆ. ಅವ್ಳು ನನ್ನ ನೋಡೇ ಬಿದ್ಲೇನವ್ವ?”

“ಇಲ್ಲ ಮಾವ. ಅವ್ಳು ನಿಮ್ಮನ್ನ ನೋಡೇ ಇರ್ಲಿಲ್ಲ.”

ಅವರು ಹೆಗಲ ಟವಲು ತೆಗೆದು ಮುಖ ಒರೆಸಿಕೊಂಡರು.

“ಅವ್ಳೂ ಸಾಯೋಗಂಟ ಇಂಗೇ ಅಂತಿದ್ಲು” ಎಂದರು.