ಸಿದ್ದಲಿಂಗ ಎರಕ ಹೊಯ್ದ ಫ್ಯಾನು

ಐಗಳಿಯಲ್ಲಿ ಮಿಕ್ಸರಿನ ಮುಚ್ಚಳ ಒಡೆದರೂ ಪಂಪಿನ ಹಿಡಿಕೆ ಮುರಿದರೂ ಜನ ಸಿದ್ದಲಿಂಗನ ಮನೆಯ ದಾರಿ ಹಿಡಿಯುತ್ತಿದ್ದರು. ಒಣದ್ರಾಕ್ಷಿ ಶೆಡ್ಡಿನ ಮೂಲೆಯೇ ಅವನ ವರ್ಕ್‌ಶಾಪು. ಮುರಿದ ವಸ್ತುವಿಗೆ ರಬ್ಬರಿನ ಅಚ್ಚು ಮಾಡಿ, ಅದರಲ್ಲಿ ರೆಸಿನ್ ಎಂಬ, ಆರಿದರೆ ಗಟ್ಟಿಯಾಗುವ ಅಂಟುದ್ರವ ಸುರಿದು ಹೊಸದನ್ನು ತೆಗೆಯುವುದನ್ನು ಮೊಬೈಲ್ ನೋಡಿಯೇ ಕಲಿತಿದ್ದ.

ಈ ಸಲ ಮುರಿದದ್ದು ಅವನದೇ ಬ್ಲೋವರಿನ ಫ್ಯಾನು. ಬೆನ್ನಿಗೇರಿಸಿಕೊಂಡು ಔಷಧ ಹೊಡೆಯುವ ಹಳೆಯ ಯಂತ್ರ. ಬಿಡಿಭಾಗ ಮಿರಜದಲ್ಲೂ ಸಿಗಲಿಲ್ಲ. ಅವನ ತೋಟದ ದ್ರಾಕ್ಷಿ ಹೂವಿನಲ್ಲಿತ್ತು. ಮೂರು ದಿನದಿಂದ ಮೋಡ, ಮುಂಜಾನೆ ಮಂಜು. ಎಲೆಯಡಿ ದಾವಣಿ ರೋಗದ ಬಿಳಿ ಬೂಜು ಕಾಣಿಸಿತ್ತು. ಎರಡು ದಿನದೊಳಗೆ ಔಷಧ ಬೀಳದಿದ್ದರೆ ವರ್ಷದ ಫಸಲು ಹೋದಂತೆ. ಪಕ್ಕದ ತೋಟದ ಮುರಗೆಪ್ಪನ ಬ್ಲೋವರ್ ಕೇಳಿದ.

“ಇಲ್ಲ ಅನ್ನಾಕ ನಾಚಿಕಿ ಬರತೈತಿ ತಮ್ಮಾ. ನನ್ನ ತ್ವಾಟದಾಗೂ ಅದ ರೋಗ ಬಿದ್ದೈತಿ,” ಎಂದ ಮುರಗೆಪ್ಪ.

ಸಿದ್ದಲಿಂಗ ಚೂರುಗಳನ್ನು ಅಂಟಿಸಿ ಅಚ್ಚು ಮಾಡಿದ. ಮರುದಿನ ಹೆಂಡತಿ ಸೀಮಾ ಡಬ್ಬಿಯ ಚೀಟಿ ಓದಿ ಹೇಳಿದಳು: ರೆಸಿನ್ ನೂರು ಗ್ರಾಮಿಗೆ ಗಟ್ಟಿಕಾರಕ ಹತ್ತೇ ಗ್ರಾಮು, ಆಮೇಲೆ ಒಂದು ದಿನ ಕಾಯಬೇಕು. ಕಾಯುವ ದಿನ ಅವನ ಬಳಿ ಇರಲಿಲ್ಲ. ರೋಗ ಜೋರಾದರೆ ಔಷಧದ ಡ್ರಮ್ಮಿಗೆ ಒಂದು ಮುಚ್ಚಳ ಹೆಚ್ಚು ಹಾಕುವುದು ತೋಟದವರ ರೂಢಿ. ಸೀಮಾ ಎಮ್ಮೆಗೆ ನೀರಿಡಲು ಹೋದಾಗ ಅವನ ಕೈ ಗಟ್ಟಿಕಾರಕಕ್ಕೂ ಅದನ್ನೇ ಮಾಡಿತು. ಬಟ್ಟಲು ಹಿಡಿಯಲಾಗದಷ್ಟು ಕಾಯಿತು, ಸಣ್ಣಗೆ ಹೊಗೆಯಾಡಿತು. ಮಧ್ಯಾಹ್ನಕ್ಕೆ ಫ್ಯಾನು ನುಣ್ಣಗೆ, ಒಂದೆಸಳೂ ಊನವಾಗದೆ ಹೊರಬಂತು.

ಅದನ್ನು ಬ್ಲೋವರಿಗೆ ಕೂಡಿಸಿ ಎರಡು ಸಾಲು ಚೆನ್ನಾಗಿ ಹೊಡೆದ. ಮೂರನೆಯದರಲ್ಲಿ ಬೆನ್ನ ಮೇಲೆ ಏನೋ ಸಿಡಿದಂತಾಗಿ ಮೊಣಕಾಲೂರಿ ಬಿದ್ದ. ಜಾಲರಿಯೊಳಗೆ ಫ್ಯಾನಿನ ಬರೀ ಚೂರು.

“ಖರೇ ಹೇಳ್ರಿ, ಎಷ್ಟ ಹಾಕಿದ್ರಿ?” ಎಂದಳು ಸೀಮಾ.

“ಒಂದ್ ಮುಚ್ಚಳ ಹೆಚ್ಚಿಗಿ. ಲಗೂ ಆಗಲಿ ಅಂತ.”

“ರೋಗ ಬಂದದ್ದು ಬಳ್ಳಿಗಿ. ಫ್ಯಾನಿಗಲ್ಲಲ್ರಿ.”

ಸರಿಯಾಗಿ ಅಳೆದಿದ್ದರೂ ಅದು ತಡೆಯುತ್ತಿತ್ತೋ ಇಲ್ಲವೋ, ಅವನಿಗೂ ತಿಳಿಯದು. ಇನ್ನೊಂದು ಹೊಯ್ಯುವಷ್ಟು ರೆಸಿನ್ ಇರಲಿಲ್ಲ.

ಔಷಧ ಹೊಡೆಯುವ ಕೈಪಂಪು ಹೊತ್ತ. ಮರುದಿನ ಸಂಜೆಯವರೆಗೆ ನಲವತ್ತು ಸಾಲಿನಲ್ಲಿ ಒಂಬತ್ತು ಮುಗಿದವು. ಮತ್ತೆ ಮಂಜು ಬಿತ್ತು. ಬೆಳಿಗ್ಗೆ ಹತ್ತನೆಯ ಸಾಲಿನಲ್ಲಿ ಒಂದು ಗೊಂಚಲು ಮುಟ್ಟಿದರೆ ಹೂವೆಲ್ಲ ಕಂದು ಪುಡಿಯಾಗಿ ಅಂಗೈಗೆ ಉದುರಿತು. ಅದರಾಚೆಯ ಗೊಂಚಲುಗಳೂ ಹಾಗೇ.

ಪಂಪು ಇಳಿಸಿರೆಂದು ಸೀಮಾ ಎರಡು ಸಲ ಹೇಳಿದಳು. ಅವನು ಇಳಿಸಲಿಲ್ಲ. ಕರಟಿದ ಹೂವಿಗೇ ಔಷಧ ಹೊಡೆಯುತ್ತ ಸಾಲಿನ ಕೊನೆಯವರೆಗೂ ನಡೆದ.