ಶೂವಿನೊಳಗೆ ಇಳಿಯುತ್ತಿದ್ದ ಕೈ

ಅವರ ಬಲಗಾಲಿಗೆ ಹೆಬ್ಬೆರಳು ಇರಲಿಲ್ಲ. ಮೂರ್ನಾಡು ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡಿದ್ದ, ಊರವರೆಲ್ಲ ಕಾಕ ಎಂದೇ ಕರೆಯುತ್ತಿದ್ದ ಅವರು ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಶೂವಿನೊಳಗೆ ಬಿದ್ದಿದ್ದ ಒಂದು ಸಣ್ಣ ಮೊಳೆ, ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಪಾದ, ಸಂಜೆಯವರೆಗೂ ಗೊತ್ತೇ ಆಗದ ಗಾಯ. ಬೆರಳು ಹೋದ ಕಥೆ ಅಷ್ಟೇ. ಅಂದಿನಿಂದ ಗಿರಾಕಿಗೆ ಯಾವ ಶೂ ಕೊಡುವ ಮೊದಲೂ ತಮ್ಮ ಕೈಯನ್ನು ಮಣಿಕಟ್ಟಿನವರೆಗೆ ಅದರೊಳಗೆ ಇಳಿಸಿ ತಡಕುತ್ತಿದ್ದರು. ನಾವೆಲ್ಲ ಕಪ್ಪೆಯೋ ಚೇಳೋ ಇದ್ದೀತೆಂದು ಶೂವನ್ನು ನೆಲಕ್ಕೆ ಕುಟ್ಟಿ ಹಾಕಿಕೊಳ್ಳುವವರು. ಕುಟ್ಟಿದರೆ ಕಾಕನಿಗೆ ಸಿಟ್ಟು. “ಕಪ್ಪೆ ಬೀಳ್ತದೆ, ಚುಚ್ಚಿ ಕೂತ ಮೊಳೆ ಬೀಳ್ತದಾ?” ಎನ್ನುತ್ತಿದ್ದರು.

ಕಳೆದ ವರ್ಷ ನನಗೂ ಅದೇ ಕಾಯಿಲೆ ಎಂದು ಗೊತ್ತಾಯಿತು. ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಕೆಲಸ ನನ್ನದು, ದಿನವಿಡೀ ನಡೆಯಬೇಕು. ಪಾದದಲ್ಲಿ ಆಗಲೇ ಜೋಮು ಶುರುವಾಗಿತ್ತು. ದಪ್ಪ ಮೂತಿಯ ಕಪ್ಪು ಶೂ ಹಾಕಿಕೊಳ್ಳಿ ಎಂದರು ಡಾಕ್ಟರು. ನನಗೋ, ಕಾಲೇಜಿನಲ್ಲಿ ಬೇರೆಯವರ ಕಾಲಲ್ಲಿ ನೋಡಿ ಆಸೆಪಟ್ಟಿದ್ದ, ಕಣಕಾಲಿನವರೆಗೆ ಲೇಸ್ ಕಟ್ಟುವ ಹಳೇ ಮಾದರಿಯ ಕೆಂಪು ಕ್ಯಾನ್ವಾಸ್ ಶೂ ಬೇಕಿತ್ತು. ಕಾಕನ ಗಾಜಿನ ಕಪಾಟಿನಲ್ಲಿ ಅಂಥದೊಂದು ಜೊತೆ ಇತ್ತು. ನಲವತ್ತರ ಹಠ, ಏನು ಹೇಳಲಿ.

“ಅಡಿ ಚಪ್ಪಟೆ. ಲೇಸು ಬಿಗಿಯಾದ್ರೂ ನಿಮಗೆ ಗೊತ್ತಾಗೂದಿಲ್ಲ ಮಾರಾಯ್ರೇ. ಬೇಡ, ನಾನು ಕೊಡೂದಿಲ್ಲ,” ಎಂದರು.

“ನಿಮ್ಮ ಬೆರಳು ಹೋಯ್ತು ಅಂತ ಊರವರೆಲ್ಲ ಆಸೆ ಬಿಡ್ಬೇಕಾ ಕಾಕ?” ಎಂದುಬಿಟ್ಟೆ. ಆ ಮಾತು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕಾಕ ಎದ್ದು ಹೋಗಿ ಗಾಜಿನ ಕಪಾಟು ತೆರೆದರು. ಆಮೇಲೆ ಶೂ ಇಳಿಸಿ, ಕೈ ಹಾಕಿ ತಡಕಿ, ಒಳಗೆ ಮೆತ್ತನೆಯ ಸೋಲ್ ಕೂರಿಸಿ, ಮೇಲಿನೆರಡು ತೂತುಗಳ ಲೇಸನ್ನು ಬಿಚ್ಚಿದರು. “ತೋಟಕ್ಕೆ ಬೇಡ. ಪೇಟೆಗೆ, ಮದುವೆಗೆ ಹಾಕಿ. ಆದ್ರೆ ಪ್ರತಿ ಸಲ ಕೈ ಹಾಕಿ ನೋಡೂದು, ಆಯ್ತಾ?”

ಈ ಮಳೆಗಾಲದಲ್ಲಿ ಕಾಕನ ಎಡಗಾಲಿಗೆ ಆದ ಗಾಯ ಮಾಯಲೇ ಇಲ್ಲ, ನಂಜು ಮೈಗೆಲ್ಲ ಏರಿತು. ತೀರಿಕೊಂಡ ಸುದ್ದಿ ಬಂದಾಗ ನಾನು ಪೇಟೆಯಲ್ಲಿದ್ದೆ, ಕೆಂಪು ಶೂವಿನಲ್ಲೇ ಅವರ ಮನೆಗೆ ಹೋದೆ. ಮೆಟ್ಟಿಲ ಬಳಿ ಅದನ್ನು ಬಿಡುವಾಗ ನಾಚಿಕೆಯಾಯಿತು. ಒಳಗೆ ಹೋಗಿ ಮುಖ ನೋಡಿದೆ. ಕ್ಷಮಿಸಿ ಎಂದು ಒಂದು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಹೊರಗೆ ಬಂದಾಗ ಜೀಪಿನ ಡ್ರೈವರೊಬ್ಬ ತನ್ನ ಶೂ ಎತ್ತಿ, ಕುಟ್ಟಲು ಹೋಗಿ, ತಡೆದು, ಕೈಯನ್ನು ಒಳಗೆ ಇಳಿಸಿದ. ಅವನ ಪಕ್ಕದಲ್ಲಿದ್ದ ಮೇಷ್ಟ್ರೂ ಹಾಗೇ ಮಾಡಿದರು. ನಾನೂ ಕೆಂಪು ಶೂವಿನೊಳಗೆ ಕೈ ಹಾಕಿದೆ. ಕಾಕ ಕೂರಿಸಿದ ಸೋಲ್ ಬೆರಳಿಗೆ ಸಿಕ್ಕಿತು. ಕೈ ತೆಗೆಯಲಾಗದೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತೆ.